ಎರಡು ಡಬ್ಬಿ, ಏಳು ನಿಯಮ

ಬಸವನಗುಡಿಯ ಅಡುಗೆಮನೆಗಳಲ್ಲಿ ಡಬ್ಬಿಯ ಮೇಲೆ ಬರೆದದ್ದೇ ಡಬ್ಬಿಯೊಳಗೂ ಇದ್ದರೆ ಅದು ಆಕಸ್ಮಿಕ ಅಂತಲೇ ತಿಳಿಯಬೇಕು. ಬಿಸ್ಕತ್ತಿನ ಡಬ್ಬಿಯಲ್ಲಿ ಸೂಜಿ ದಾರ ಇರುತ್ತದೆ, ಹಾರ್ಲಿಕ್ಸ್ ಬಾಟಲಿಯಲ್ಲಿ ಮೆಂತ್ಯ, ತುಪ್ಪದ ಡಬ್ಬಿಯಲ್ಲಿ ಸಂಡಿಗೆ. ಖಾಲಿ ಡಬ್ಬಿ ಎಸೆಯುವ ಹೆಂಗಸು ಆ ಬೀದಿಯಲ್ಲಿ ಇನ್ನೂ ಹುಟ್ಟಿರಲಿಲ್ಲ. ಇದೆಲ್ಲ ಗೊತ್ತಿದ್ದೂ ತೊಂಬತ್ತೊಂಬತ್ತನೇ ಇಸವಿಯ ಒಂದು ಶನಿವಾರ ವಾದಿರಾಜ ಡಬ್ಬಿಯ ಮೇಲಿನ ಚಿತ್ರವನ್ನು ನಂಬಬೇಕೋ ಬಿಡಬೇಕೋ ತಿಳಿಯದೆ ಕೆಟ್ಟ.

ಅವನ ಮಗ ಆತ್ರೇಯನಿಗೆ ಒಂದು ವರ್ಷ ಮೂರು ತಿಂಗಳು. ಮಗುವಿಗೆ ಹಸುವಿನ ಹಾಲು ಆಗುತ್ತಿರಲಿಲ್ಲ. ಆಗುತ್ತಿರಲಿಲ್ಲ ಅಂದರೆ ಸಣ್ಣಪುಟ್ಟ ತಕರಾರಲ್ಲ. ಹಾಲು, ಮೊಸರು, ತುಪ್ಪ ಏನು ನಾಲಿಗೆಗೆ ಸೋಕಿದರೂ ಮೈಮೇಲೆ ಕೆಂಪು ದದ್ದು ಎದ್ದು, ತುಟಿ ಊದಿ, ಉಸಿರು ಕಟ್ಟುತ್ತಿತ್ತು. ಆರು ತಿಂಗಳ ಹಿಂದೆ ಯಾರದೋ ನಾಮಕರಣದಲ್ಲಿ "ಒಂದ್ ಚಮಚ ಪಾಯಸಕ್ಕೆ ಏನಾಗತ್ತೆ" ಅಂತ ವಾದಿರಾಜನೇ ಮಗುವಿನ ಬಾಯಿಗೆ ಇಟ್ಟಿದ್ದ. ಏನಾಗುತ್ತೆ ಅನ್ನುವುದನ್ನು ಎರಡು ದಿನ ಆಸ್ಪತ್ರೆಯಲ್ಲಿ ಕೂತು ನೋಡಿದ್ದೂ ಆಯಿತು. ಹೆಂಡತಿ ವೈಜಯಂತಿಯ ಇಲಾಖಾ ಪರೀಕ್ಷೆ ಆ ಎರಡು ದಿನದಲ್ಲೇ ಬಂದು ಹೋಯಿತು. ಅದು ಪಾಸಾಗದೆ ಅವಳಿಗೆ ಬಡ್ತಿ ಇರಲಿಲ್ಲ.

ಇಷ್ಟಾದರೂ ವಾದಿರಾಜ ಬಗ್ಗಿದವನಲ್ಲ. "ನಮ್ ಕಡೆಯೋರು ಕಲ್ಲು ತಿಂದ್ರೂ ಅರಗಿಸ್ಕೋತೀವಿ. ಈ ಅಲರ್ಜಿಗಿಲರ್ಜಿ ಎಲ್ಲಾ ಅವಳ ತವರಿನ ಕಡೇದು" ಅಂತ ಸಿಕ್ಕಸಿಕ್ಕವರ ಮುಂದೆ ಹೇಳುತ್ತಿದ್ದ. ಹನುಮಂತನಗರದಲ್ಲಿ ದೊಡ್ಡ ಮಗನ ಜೊತೆಗಿದ್ದ ಅವನ ತಾಯಿಯೂ ಅದನ್ನೇ ಹೇಳುತ್ತಿದ್ದರು. ಕೊನೆಗೆ ಮಕ್ಕಳ ಡಾಕ್ಟರ್ ಆಂಡಾಳ್ ಅವರ ಹತ್ತಿರವೂ ಅವನು ಅದನ್ನೇ ಹೇಳಿ, ಅವರು ಆತ್ರೇಯನ ಫೈಲಿನಲ್ಲಿ 'ತಾಯಿಯ ಕಡೆಯಿಂದ' ಅಂತ ಬರೆದುಕೊಂಡಿದ್ದರು. ಪಕ್ಕದಲ್ಲೇ ಕೂತಿದ್ದ ವೈಜಯಂತಿ ಅದನ್ನು ಓದಿಕೊಂಡಿದ್ದಳು.

ಈಗ ಮತ್ತೆ ಪರೀಕ್ಷೆ. ಚಾಮರಾಜಪೇಟೆಯ ಸ್ಕೂಲೊಂದರಲ್ಲಿ ಹತ್ತರಿಂದ ಹನ್ನೆರಡು. ಮಗುವಿನ ಜೊತೆಗೆ ವಾದಿರಾಜ ಒಬ್ಬನೇ. ಹೊರಡುವ ಮುಂಚೆ ವೈಜಯಂತಿ ಅಡುಗೆಮನೆಯ ಗೋಡೆಗೆ ಒಂದು ಹಾಳೆ ಅಂಟಿಸಿದಳು. ಏಳು ನಿಯಮ. ಕೈ ಸೋಪಿನಲ್ಲಿ ತೊಳೆಯುವುದು, ಬಾಟಲಿ ಕುದಿಸುವುದು, ಕುದ್ದು ಆರಿದ ನೀರನ್ನೇ ಮೊದಲು ಹಾಕುವುದು, ಡಬ್ಬಿಯೊಳಗಿನ ಚಮಚದಲ್ಲೇ ಅಳೆದು ಚಾಕುವಿನ ಬೆನ್ನಿನಿಂದ ಸಮ ಮಾಡುವುದು, ಮಣಿಕಟ್ಟಿನ ಮೇಲೆ ಒಂದು ಹನಿ ಬಿಟ್ಟು ಬಿಸಿ ನೋಡುವುದು, ಕುಡಿದು ಮಿಕ್ಕಿದ್ದನ್ನು ಚೆಲ್ಲುವುದು. ಏಳನೆಯದಕ್ಕೆ ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದಿದ್ದಳು: 'ಯಾರು ಏನು ಕೊಟ್ಟರೂ ಮಗುವಿನ ಬಾಯಿಗೆ ಹಾಕಕೂಡದು.'

"ಇದನ್ನ ನೋಡ್ಕೊಂಡು ಮಾಡಿ ಸಾಕು. ಸ್ವಂತ ಬುದ್ಧಿ ಉಪಯೋಗಿಸ್ಬೇಡಿ" ಅಂದಳು.

"ನನಗೇನು ಅಷ್ಟೂ ಗೊತ್ತಾಗಲ್ವೇನೇ" ಅಂದ ವಾದಿರಾಜ.

ಹನ್ನೊಂದಕ್ಕೆ ಮಗುವಿಗೆ ಹಸಿವಾಯಿತು. ವಾದಿರಾಜ ಕೈ ತೊಳೆದ, ನೀರು ಕಾಯಿಸಿ ಆರಿಸಿದ, ಶೆಲ್ಫಿನಿಂದ ಸೋಯಾ ಪುಡಿಯ ಡಬ್ಬಿ ಇಳಿಸಿದ. ಒಳಗೆ ಚಮಚ ಇರಲಿಲ್ಲ. ಹಿಂದೆ ಅಂಥದ್ದೇ ಇನ್ನೊಂದು ಡಬ್ಬಿ ಇತ್ತು, ಅದನ್ನೂ ಇಳಿಸಿದ. ಅದರಲ್ಲಿ ಚಮಚ ಸಿಕ್ಕಿತು. ಅಷ್ಟರಲ್ಲಿ ಆತ್ರೇಯ ಮನೆ ಹಾರಿಹೋಗುವ ಹಾಗೆ ಅಳಲು ಶುರುಮಾಡಿದ. ವಾದಿರಾಜ ಗಡಿಬಿಡಿಯಲ್ಲಿ ಅಳೆದ, ಸಮ ಮಾಡಿದ, ಕುಲುಕಿದ, ಎರಡೂ ಡಬ್ಬಿ ಮುಚ್ಚಿ ಪಕ್ಕಪಕ್ಕದಲ್ಲಿಟ್ಟ. ಮಗು ಗಟಗಟ ಅರ್ಧ ಬಾಟಲಿ ಕುಡಿಯಿತು. ಇಷ್ಟಕ್ಕೆ ಹೆಂಡತಿ ಆರು ತಿಂಗಳಿಂದ ತನ್ನನ್ನು ಆಡಿಸುತ್ತಿದ್ದಳಲ್ಲ ಅಂತ ಅವನಿಗೆ ನಗು ಬಂತು.

ಪಕ್ಕದ ಮನೆಯ ಅಂಬುಜಮ್ಮ ಆಗಲೇ ಒಳಗೆ ಬಂದದ್ದು. ವಠಾರದಲ್ಲಿ ಬಾಗಿಲು ತೆರೆದಿದ್ದರೆ ಅವರಿಗೆ ಕರೆದ ಹಾಗೆ.

"ಪಾಪ, ಗಂಡಸು, ಏನ್ ಮಾಡ್ಕೊಂಡ್ಯೋ ಅಂತ ನೋಡೋಕ್ ಬಂದೆ" ಅಂದವರ ಕಣ್ಣು ಡಬ್ಬಿಗಳ ಮೇಲೆ ಹೋಯಿತು. "ಓ, ನನ್ ಡಬ್ಬಿ ಇನ್ನೂ ಇಟ್ಟಿದಾಳಾ?"

"ನಿಮ್ ಡಬ್ಬೀನಾ? ಇದು ಮಗೂದು ಅಂಬುಜಮ್ಮನೋರೆ."

"ಡಬ್ಬಿ ಮಗೂದೇ ಕಣಪ್ಪಾ. ಬರ್ಫಿ ಮಾಡೋಕೆ ಹಾಲಿನ ಪುಡಿ ತಂದಿದ್ನಲ್ಲ, ಹಾಕಿಡೋಕೆ ಅಂತ ನಿನ್ ಹೆಂಡತಿ ಹತ್ರ ಖಾಲಿ ಡಬ್ಬಿ ಇಸ್ಕೊಂಡಿದ್ದೆ. ಮಿಕ್ಕ ಪುಡೀನ ಡಬ್ಬಿ ಸಮೇತ ವಾಪಸ್ ಕೊಟ್ಟೆ, ಕಾಫಿಗಾದ್ರೂ ಆಗಲಿ ಅಂತ. ಇವೆರಡರಲ್ಲಿ ಒಂದು ಅದೇ ಇರ್ಬೇಕು."

ವಾದಿರಾಜ ಮಗುವಿನ ಬಾಯಿಂದ ಬಾಟಲಿ ಕಿತ್ತುಕೊಂಡ. ಚಮಚ ಎರಡನೇ ಡಬ್ಬಿಯಿಂದ ತೆಗೆದದ್ದು ನಿಜ. ಪುಡಿ ಯಾವುದರಿಂದ ತೆಗೆದ? ಎಷ್ಟು ತಲೆ ಕೆರೆದುಕೊಂಡರೂ ಜ್ಞಾಪಕಕ್ಕೆ ಬರಲಿಲ್ಲ. ಬಾಟಲಿ ಹೋದದ್ದಕ್ಕೆ ಮಗು ಕಿರುಚಿದ ಕಿರುಚಾಟಕ್ಕೆ ಮಹಡಿಯ ಮೇಲಿದ್ದ ಮನೆ ಮಾಲೀಕರು, ವಿಜ್ಞಾನದ ಮೇಷ್ಟ್ರಾಗಿ ರಿಟೈರಾದ ಶ್ರೀನಿವಾಸಯ್ಯನವರು, ಇಳಿದು ಬಂದರು.

ವಿಷಯ ಕೇಳಿ ಅವರು ಕನ್ನಡಕ ಸರಿಮಾಡಿಕೊಂಡರು. "ಗಾಬರಿ ಆಗ್ಬೇಡಿ ವಾದಿರಾಜ್. ಪ್ರಯೋಗ ಮಾಡಿ ಕಂಡುಹಿಡಿಯೋಣ. ಹಾಲಿನ ಪುಡಿ ಸಿಹಿ ಇರತ್ತೆ, ಸೋಯಾ ಹಸಿ ಕಾಳಿನ ಥರ ಇರತ್ತೆ. ತಿಂದು ನೋಡಿದ್ರೆ ಆಯ್ತು."

"ನೀವೇ ನೋಡಿ ಹೇಳಿ ಮೇಷ್ಟ್ರೇ."

"ನನಗೆ ಶುಗರ್ ಇದೆಯಲ್ಲ."

ವಾದಿರಾಜ ಅಂಬುಜಮ್ಮನ ಕಡೆ ತಿರುಗಿದ.

"ಇವತ್ತು ಏಕಾದಶಿ. ನೀರೂ ಮುಟ್ಟಿಲ್ಲ ನಾನು" ಅಂದರು ಅವರು. "ನೀನು ತಿನ್ನು. ನಾನು ಮಗೂಗೆ ದೃಷ್ಟಿ ತೆಗೀತೀನಿ. ಇಷ್ಟು ಮುದ್ದಾಗಿರೋ ಮಗೂಗೆ ಕಣ್ಣು ಬೀಳದೆ ಇರತ್ತಾ" ಅಂತ ಆತ್ರೇಯನನ್ನು ಎತ್ತಿಕೊಂಡು ಹೊರಗೆ ಹೋದರು.

ಏಕಾದಶಿ ವಾದಿರಾಜನಿಗೂ ಇತ್ತು. ಮಗುವಿನ ಮುಂದೆ ಅದನ್ನು ನೆನೆಯುವ ಸ್ಥಿತಿಯಲ್ಲಿ ಅವನಿರಲಿಲ್ಲ. ಮೊದಲ ಡಬ್ಬಿಯಿಂದ ಒಂದು ಚಮಚ ಬಾಯಿಗೆ ಹಾಕಿಕೊಂಡ. ಪುಡಿ ಅಂಗುಳಿಗೆ ಅಂಟಿತು. ಎರಡನೆಯದರಿಂದ ಒಂದು ಚಮಚ. ಅದೂ ಅಂಟಿತು.

"ವ್ಯತ್ಯಾಸ ಹೇಳಿ" ಅಂದರು ಮೇಷ್ಟ್ರು.

"ಎರಡೂ ಒಂದೇ ಥರ ಕೆಟ್ಟದಾಗಿದೆ ಸಾರ್."

"ಒಂದೇ ಸಲಕ್ಕೆ ತೀರ್ಮಾನಕ್ಕೆ ಬರಬಾರದು. ಬಾಯಿ ಮುಕ್ಕಳಿಸಿ, ಮತ್ತೆ ತಗೊಳ್ಳಿ."

ಮೂರು ಸುತ್ತಾಯಿತು. ಕೊನೆಗೆ ಬಾಟಲಿಯಲ್ಲಿ ಮಿಕ್ಕಿದ್ದನ್ನೂ ಮೇಷ್ಟ್ರು ಅವನಿಗೇ ಕುಡಿಸಿದರು. ವಾದಿರಾಜನಿಗೆ ಗೊತ್ತಾದದ್ದು ಇಷ್ಟೇ: ತನ್ನ ಮಗನಿಗೆ ದಿನಾ ಇಂಥದ್ದನ್ನು ಕುಡಿಸುತ್ತಿದ್ದಾರೆ, ಪಾಪ.

ಅಷ್ಟರಲ್ಲಿ ಅಂಬುಜಮ್ಮ ಮಗುವನ್ನು ತಂದು ಕೈಗೆ ಕೊಟ್ಟರು. ವಾದಿರಾಜ ಅದರ ಮುಖ ನೋಡಿದ. ಕೆನ್ನೆಯ ಮೇಲೆ ಐದಾರು ಕೆಂಪು ಚುಕ್ಕೆ, ಕತ್ತಿನ ಮೇಲೆ ನಾಲ್ಕು. ಮುಂಗೈಯಲ್ಲೂ ಎರಡು ಇದ್ದವು. ಮಗುವನ್ನು ಎದೆಗವಚಿಕೊಂಡು ಬಾಗಿಲಿಗೆ ಬಂದ.

"ವೈಜಯಂತಿಗೆ ಫೋನ್ ಮಾಡ್ಸಲಾ? ಆ ಸ್ಕೂಲಿನ ನಂಬರ್ ಹುಡುಕ್ತೀನಿ" ಅಂದರು ಮೇಷ್ಟ್ರು.

"ಬೇಡ ಸಾರ್. ಈ ಸಲಾನೂ ಪರೀಕ್ಷೆ ತಪ್ಪಿಹೋದ್ರೆ ಅವಳು ನನ್ನ ಜೀವಮಾನದಲ್ಲಿ ಕ್ಷಮಿಸಲ್ಲ. ಬಂದ್ಮೇಲೆ ಕ್ಲಿನಿಕ್ಕಿಗೆ ಕಳಿಸಿ" ಅಂತ ವಾದಿರಾಜ ಬರಿಗಾಲಲ್ಲೇ ಓಡಿದ. ತಿರುವಿನಲ್ಲಿ ಆಟೋ ಸಿಕ್ಕಿತು. ಗಾಂಧಿ ಬಜಾರಿನಲ್ಲಿ ಏಕಾದಶಿಯ ಹೂವು ಹಣ್ಣಿನ ಜನ ರಸ್ತೆ ತುಂಬಿದ್ದರು, ಆಟೋ ಆಮೆಯ ಹಾಗೆ ಹೋಗುತ್ತಿತ್ತು. ಮಗು ಉಸಿರಾಡುತ್ತಿದೆಯಾ ಅಂತ ಅವನು ಹೆಜ್ಜೆಹೆಜ್ಜೆಗೂ ಮೂಗಿನ ಹತ್ತಿರ ಬೆರಳಿಟ್ಟು ನೋಡಿದ. ಮಗು ಆ ಬೆರಳನ್ನು ಕಚ್ಚಿತು. ನಿನಗೆ ಏನೂ ಆಗದಿದ್ದರೆ ಇನ್ನೆಂದೂ ಸ್ವಂತ ಬುದ್ಧಿ ಉಪಯೋಗಿಸಲ್ಲ ಕಣೋ ಅಂತ ಅವನು ಅಳುತ್ತಲೇ ಮಗನಿಗೆ ಮಾತು ಕೊಟ್ಟ.

ಡಾಕ್ಟರ್ ಆಂಡಾಳ್ ಕಾಯುತ್ತಿದ್ದವರನ್ನೆಲ್ಲ ಬಿಟ್ಟು ಮಗುವನ್ನು ಒಳಗೆ ಕರೆಸಿದರು. ಎದೆ ನೋಡಿದರು, ನಾಲಿಗೆ ನೋಡಿದರು. ಕೆನ್ನೆಯ ಚುಕ್ಕೆಗಳನ್ನು ಹತ್ತಿರದಿಂದ ನೋಡಿ, ಹತ್ತಿಯನ್ನು ಒದ್ದೆ ಮಾಡಿ ಒರೆಸಿದರು. ಚುಕ್ಕೆ ಹತ್ತಿಗೆ ಬಂತು. ಮೂಸಿ ನೋಡಿದರು.

"ಯಾರ್ರೀ ಮಗೂಗೆ ದೃಷ್ಟಿ ತೆಗೆದಿದ್ದು?"

"ಪಕ್ಕದ ಮನೆಯೋರು ಡಾಕ್ಟ್ರೇ. ಯಾಕೆ?"

"ಇದು ದದ್ದಲ್ಲ. ಅರಿಶಿನ ಸುಣ್ಣ ಕದಡಿದ ನೀರು. ಒದ್ದಾಡಿ ತಟ್ಟೆಗೆ ಕಾಲು ಕೊಟ್ಟಿರತ್ತೆ, ಸಿಡಿದಿದೆ."

ವಾದಿರಾಜನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆಂಡಾಳ್ ಮಾತ್ರ ನಗಲಿಲ್ಲ. "ಪುಡಿ ಯಾವುದು ಅಂತ ಇನ್ನೂ ಗೊತ್ತಿಲ್ವಲ್ಲ. ಹಾಲೇ ಆಗಿದ್ರೆ ಸ್ವಲ್ಪ ಹೊತ್ತು ಬಿಟ್ಟೂ ದದ್ದು ಏಳಬಹುದು. ಒಂದು ಗಂಟೆ ಇಲ್ಲೇ ಹೊರಗೆ ಕೂತಿರಿ" ಅಂದರು.

ವಾದಿರಾಜ ಬೆಂಚಿನ ಮೇಲೆ ಮಗುವಿನ ಮುಖದಿಂದ ಕಣ್ಣು ಕೀಳದೆ ಕೂತ. ಸೊಳ್ಳೆ ಕೂತರೂ ಬೆಚ್ಚಿದ. ಹೆದರಿಕೆಗೋ ಏನೋ ಅವನ ತುಟಿ ಚುರುಗುಟ್ಟುತ್ತಿತ್ತು, ಕತ್ತು ತುರಿಸುತ್ತಿತ್ತು. ಆಟೋದ ಧೂಳಿರಬೇಕು ಅಂದುಕೊಂಡು ಕೆರೆದುಕೊಳ್ಳುತ್ತಲೇ ಇದ್ದ. ಎದುರಿಗೆ ಕೂತಿದ್ದ ಹೆಂಗಸು ತನ್ನ ಮಗುವನ್ನು ಎತ್ತಿಕೊಂಡು ಎದ್ದು ದೂರ ಹೋಗಿ ಕೂತಳು.

ಹನ್ನೆರಡೂವರೆಗೆ ವೈಜಯಂತಿ ಎರಡೂ ಡಬ್ಬಿ ಹಿಡಿದುಕೊಂಡು ಏದುಸಿರು ಬಿಡುತ್ತ ಬಂದಳು. ಗಂಡನ ಕಡೆ ನೋಡಲೂ ಇಲ್ಲ, ನಿದ್ದೆ ಹೋಗಿದ್ದ ಮಗುವನ್ನು ಎತ್ತಿಕೊಂಡು ನೇರ ಡಾಕ್ಟರ ರೂಮಿಗೆ ಹೋದಳು. ವಾದಿರಾಜ ಹಿಂದಿನಿಂದ ಹೋದ.

"ಡಾಕ್ಟ್ರೇ, ಎರಡೂ ಸೋಯಾನೇ" ಅಂದಳು. "ಅಂಬುಜಮ್ಮನೋರು ಕೊಟ್ಟಿದ್ದನ್ನ ಅವತ್ತೇ ಡಬ್ಬಿ ಸಮೇತ ಎಸೆದೆ. ಇಂಥ ಮಗು ಇರೋ ಮನೇಲಿ ಹಾಲಿನ ಪುಡಿ ಇಟ್ಕೋತೀನಾ? ಈ ಹಳೇ ಡಬ್ಬಿ ತೆರೆದು ತಿಂಗಳಾಯ್ತು, ಇವತ್ತು ಎಸೀಬೇಕಿತ್ತು. ಅದಕ್ಕೇ ಚಮಚ ತೆಗೆದು ಹೊಸದಕ್ಕೆ ಹಾಕಿದ್ದೆ. ತಳದಲ್ಲಿ ತಾರೀಖೂ ಬರ್ದಿದೀನಿ ನೋಡಿ."

ಡಬ್ಬಿಯ ತಳ ತಿರುಗಿಸಿ ತೋರಿಸಿದಳು. ಖಾಲಿ ಡಬ್ಬಿ ಎಸೆಯಬಲ್ಲ ಆ ಬೀದಿಯ ಒಬ್ಬಳೇ ಹೆಂಗಸು ತನ್ನ ಮನೆಯಲ್ಲೇ ಇದ್ದದ್ದು ವಾದಿರಾಜನಿಗೆ ಗೊತ್ತಿರಲಿಲ್ಲ. ಅವನ ಎದೆಯ ಮೇಲಿನ ಚಪ್ಪಡಿ ಕಲ್ಲು ಇಳಿಯಿತು.

"ಹಾಗಾದ್ರೆ ಮಗೂಗೆ ಏನೂ ಆಗಲ್ಲ" ಅಂದರು ಆಂಡಾಳ್, ತಲೆಯೆತ್ತಿ. ಅವರ ದೃಷ್ಟಿ ವಾದಿರಾಜನ ಮೇಲೆ ನಿಂತಿತು. "ನಿಮಗೇನ್ರೀ ಆಯ್ತು?"

"ನನಗಾ? ನನಗೇನು?" ಅನ್ನಲು ಹೋದ. ತುಟಿ ಜೊತೆಗೂಡಲಿಲ್ಲ. ಗೋಡೆಯ ಕನ್ನಡಿಯಲ್ಲಿ ನೋಡಿದರೆ ತುಟಿ ಎರಡೂ ಗಡಿಗೆಯ ಕಂಠದ ಹಾಗಾಗಿದ್ದವು. ಕತ್ತಿನಿಂದ ಕಿವಿಯವರೆಗೆ ಕೆಂಪು ದದ್ದು.

ಆಂಡಾಳ್ ಹತ್ತಿ ತಂದು ಒರೆಸಿದರು. ದದ್ದು ಹೋಗಲಿಲ್ಲ.

"ಏನ್ ತಿಂದ್ರಿ ಇವತ್ತು?"

"ಏನಿಲ್ಲ. ಈ ಡಬ್ಬೀದು ಮೂರು ಚಮಚ, ಆ ಡಬ್ಬೀದು ಮೂರು, ಬಾಟಲೀಲಿ ಮಿಕ್ಕಿದ್ದು ಅಷ್ಟೇ."

"ಹಿಂದೆ ಯಾವತ್ತಾದ್ರೂ ಸೋಯಾ ತಿಂದಿದ್ರಾ?"

"ನಮ್ಮನೇಲಿ ಅದು ಬಂದೇ ಇಲ್ಲ ಡಾಕ್ಟ್ರೇ."

"ಬಂದಿದ್ರೆ ಆಗ್ಲೇ ಗೊತ್ತಾಗ್ತಿತ್ತು" ಅಂತ ಅವರು ಸೂಜಿ ತೆಗೆದರು. ಆನೆ, ಮೊಲದ ಚಿತ್ರ ಬಿಡಿಸಿದ್ದ ಪುಟ್ಟ ಮಂಚದ ಮೇಲೆ ಕಾಲು ಹೊರಗೆ ಚಾಚಿ ಮಲಗಿ ವಾದಿರಾಜ ಇಂಜೆಕ್ಷನ್ ಚುಚ್ಚಿಸಿಕೊಂಡ. ಆತ್ರೇಯ ಎದ್ದು ಅಪ್ಪನ ಮುಖ ನೋಡಿ ಕೇಕೆ ಹಾಕಿದ.

ಆಮೇಲೆ ಆಂಡಾಳ್ ಮಗುವಿನ ಫೈಲ್ ತೆರೆದರು. "ಈ ಥರದ ಅಲರ್ಜಿ ಮೈ ಮನೆತನದಲ್ಲಿ ಹರಿದು ಬರತ್ತೆ. ನೀವು ಅವತ್ತು ತಪ್ಪು ಹೇಳಿದ್ರಿ" ಅಂತ 'ತಾಯಿಯ' ಅನ್ನುವುದನ್ನು ಹೊಡೆದುಹಾಕಿ ಮೇಲೆ 'ತಂದೆಯ' ಅಂತ ಬರೆದರು.

ವೈಜಯಂತಿ ಬಗ್ಗಿ ನೋಡಿದಳು. "ಡಾಕ್ಟ್ರೇ, ಅದನ್ನೇ ಒಂದು ಚೀಟೀಲಿ ಸ್ವಲ್ಪ ದಪ್ಪ ಅಕ್ಷರದಲ್ಲಿ ಬರೆದು ಕೊಡ್ತೀರಾ?" ಅಂದಳು. "ಹನುಮಂತನಗರದಲ್ಲಿ ನಮ್ಮತ್ತೆ ಇದಾರೆ. ಅವರಿಗೆ ಸಣ್ಣಕ್ಷರ ಕಾಣಲ್ಲ."

ಮನೆಗೆ ಬಂದಮೇಲೆ ವಾದಿರಾಜ ಗೋಡೆಗೆ ಒರಗಿ ಕೂತ. ಊದಿದ ತುಟಿ ಬಿಡಿಸಿಕೊಂಡು, ಇನ್ನು ಆ ಪುಡಿಯ ಸಹವಾಸ ತನಗೆ ಬೇಡ, ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯಿತು ಅಂದ. ವೈಜಯಂತಿ ಕೆಂಪು ಪೆನ್ನು ತಂದು ಏಳನೇ ನಿಯಮದ ಕೆಳಗೆ ಏನೋ ಬರೆದು, ಎರಡು ಗೆರೆ ಎಳೆದು, ಮೇಜಿನ ಮೇಲೆ ಒಂದು ಜೊತೆ ರಬ್ಬರ್ ಗ್ಲೌಸ್ ಇಟ್ಟಳು.

"ಎರಡನೇ ಪೇಪರ್ ಬರೋ ಶನಿವಾರ" ಅಂದಳು.

ವಾದಿರಾಜ ಎದ್ದು ಗೋಡೆಯ ಹತ್ತಿರ ಹೋಗಿ ಓದಿದ. 'ಎಂಟು: ಮಗುವಿನದನ್ನು ಮಗುವಿನ ಅಪ್ಪ ತಿನ್ನಕೂಡದು.'