ಹಾಸ್ಟೆಲಿಗೆ ಒಂದೇ ಸೂಟ್‌ಕೇಸು

ನಾನು ಕಟ್ಟಿಟ್ಟ ಸಾಮಾನನ್ನು ಯಾರೋ ಬಿಚ್ಚುತ್ತಿದ್ದರು. ಕದ್ದಿದ್ದರೆ ನನಗೆ ಇಷ್ಟು ತಲೆಬಿಸಿ ಆಗುತ್ತಿರಲಿಲ್ಲ. ಕಳ್ಳತನ ಅರ್ಥವಾಗುವ ವಿಷಯ. ಈ ಮಹಾಶಯ ಮಾತ್ರ ನಾನು ಸಂಜೆ ಕಟ್ಟಿದ್ದನ್ನು, ಮರುದಿನ ನಾನು ಕೆಲಸದಿಂದ ಬರುವಷ್ಟರಲ್ಲಿ ಬಿಚ್ಚಿ, ನೆಲಮಾಳಿಗೆಯ ಕಪಾಟಿನಲ್ಲಿ ಅದರದರ ಜಾಗಕ್ಕೇ ಸೇರಿಸಿ, ಡಬ್ಬಿಯ ಹೆಸರು ಮುಂದಕ್ಕೆ ಕಾಣುವ ಹಾಗೆ ತಿರುಗಿಸಿರುತ್ತಿದ್ದ. ಇಂಥ ಅಚ್ಚುಕಟ್ಟಾದ ದುಷ್ಕೃತ್ಯವನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಸಾಮಾನು ನಮ್ಮ ಮಗಳು ಬ್ರೈಲಿಯದು. ಆಗಸ್ಟ್ ಕೊನೆಗೆ ಅವಳು ಬೆಟ್ಟದ ಬುಡದಲ್ಲಿರುವ ನಮ್ಮ ಚರ್ಚಿನ ವಿಶ್ವವಿದ್ಯಾಲಯಕ್ಕೆ ಸೇರಿ, ಅಲ್ಲಿನ ಹಾಸ್ಟೆಲಿನಲ್ಲಿ ಇರಬೇಕಾಗಿತ್ತು. ನಾವು ಅಮೆರಿಕದ ಯೂಟಾ ರಾಜ್ಯದ ಸಾನ್‌ಪೀಟ್ ಕಣಿವೆಯವರು, ಮಾರ್ಮನ್ ಪಂಥದ ಕ್ರೈಸ್ತರು. ಕಷ್ಟಕಾಲಕ್ಕೆಂದು ಮನೆಯಲ್ಲಿ ವರ್ಷಕ್ಕಾಗುವಷ್ಟು ಆಹಾರ ಕೂಡಿಟ್ಟುಕೊಳ್ಳಿ ಎಂಬುದು ನಮ್ಮ ಹಿರಿಯರ ಬುದ್ಧಿಮಾತು. ಹೆಚ್ಚಿನವರು ತಲೆಯಾಡಿಸಿ, ಒಂದು ಮೂಟೆ ಗೋಧಿ ತಂದಿಟ್ಟು ಮರೆತುಬಿಡುತ್ತಾರೆ. ನಾನು ಮರೆಯುವ ಪೈಕಿಯಲ್ಲ. ಟರ್ಕಿ ಕೋಳಿಗಳ ಮೇವಿನ ಗಿರಣಿಯ ಪ್ರಯೋಗಾಲಯದಲ್ಲಿ ಧಾನ್ಯದ ತೇವ ಅಳೆಯುವುದು ನನ್ನ ಉದ್ಯೋಗ. ಅದಕ್ಕೇ ಇರಬೇಕು, ನಮ್ಮ ಬಿಷಪ್ ಸೋರೆನ್ಸನ್ ಅವರು ನನಗೆ ಊರ ಚರ್ಚಿನ ‘ಆಪತ್ಕಾಲ ಸಿದ್ಧತಾ ಸಂಚಾಲಕ’ ಎಂಬ ಪದವಿಯನ್ನು ದಯಪಾಲಿಸಿದ್ದರು. (ಸಂಬಳ ಇಲ್ಲ. ನಮ್ಮಲ್ಲಿ ಬಿಷಪ್ಪರಿಗೂ ಇಲ್ಲ. ಅವರು ವಾರವಿಡೀ ಟೈರು ಮಾರುತ್ತಾರೆ.)

ಅಂಥ ಸಂಚಾಲಕನ ಮಗಳು ಬರಿಗೈಯಲ್ಲಿ ಹಾಸ್ಟೆಲಿಗೆ ಹೋಗುವುದುಂಟೆ? ಅಲ್ಲಿನ ಮಂಚದ ಎತ್ತರ ವಿಚಾರಿಸಿಕೊಂಡು, ಅದರ ಕೆಳಗೆ ಸರಿಯಾಗಿ ಕೂರುವ ಗೋಧಿ ಬಕೆಟ್ಟುಗಳನ್ನು ಆರಿಸಿದೆ. ಜೊತೆಗೆ ಕೈಯಲ್ಲಿ ತಿರುಗಿಸುವ ಹಿಟ್ಟಿನ ಯಂತ್ರ, ಹಾಲಿನ ಪುಡಿ, ಜೇನು, ನೀರಿನ ಪೀಪಾಯಿ, ಮತ್ತು ಎರಡನೆಯ ಮಹಡಿಯ ಕಿಟಕಿಯಿಂದ ನೆಲ ಮುಟ್ಟುವಷ್ಟು ಉದ್ದದ ಹಗ್ಗ (ಗಂಟಿಗೆಂದು ಸ್ವಲ್ಪ ಹೆಚ್ಚಿಗೆ). ಇವೆಲ್ಲ ಒಂದೊಂದಾಗಿ ಮರಳಿ ನೆಲಮಾಳಿಗೆಗೆ ಇಳಿಯುತ್ತಿದ್ದವು.

ಮೊದಲ ಅನುಮಾನ ಸಹಜವಾಗಿಯೇ ಹೆಂಡತಿಯ ಮೇಲೆ.

"ಜನೀಲ್, ಆ ಹಗ್ಗ ನೀನು ತೆಗೆದೆಯಾ?"

"ಯಾವ ಹಗ್ಗ?"

"ಬೆಂಕಿ ಬಿದ್ದರೆ ಕಿಟಕಿಯಿಂದ ಇಳಿಯೋಕೆ ಇಟ್ಟಿದ್ದು."

"ನಾನು ತೆಗೆದಿದ್ದರೆ ಅದು ಕಪಾಟಿಗೆ ಹೋಗ್ತಿರಲಿಲ್ಲ ಲಮಾರ್, ಕಸದ ಲಾರಿಗೆ ಹೋಗ್ತಿತ್ತು. ನಿನ್ನ ಆ ನೆಲಮಾಳಿಗೆಗೆ ನಾನು ಇಳಿಯೋದು ಗೋಧಿ ತರೋಕೆ ಮಾತ್ರ. ಈ ತಿಂಗಳೆಲ್ಲ ಅದನ್ನೇ ತಿನ್ನಿಸ್ತಿದ್ದೀಯಲ್ಲ!"

ಅವಳ ದೂರಿನಲ್ಲಿ ಸತ್ಯಾಂಶವಿತ್ತು. ಹಳೆಯದು ಮೊದಲು ಖರ್ಚಾಗಬೇಕು, ಹೊಸದು ಹಿಂದೆ ಸೇರಬೇಕು. ದಾಸ್ತಾನಿನ ಮೂಲ ನಿಯಮವೇ ಅದು. ಆ ತಿಂಗಳು 2009ರ ಗೋಧಿಯ ಸರದಿ. ಒಣಗಿಸಿ ಗಾಳಿಯಾಡದಂತೆ ಮುಚ್ಚಿಟ್ಟ ಗೋಧಿ ಮೂವತ್ತು ವರ್ಷವಾದರೂ ಕೆಡುವುದಿಲ್ಲ. ಕೆಡುವುದು ಹೆಂಡತಿಯ ಮುಖ ಮಾತ್ರ.

ಕೊನೆಗೆ ಪ್ರಯೋಗಕ್ಕೆ ಇಳಿದೆ. ಬೆಳಿಗ್ಗೆ ಹೊರಡುವಾಗ ನೆಲಮಾಳಿಗೆಯ ಮೆಟ್ಟಿಲ ಮೇಲೆ ತೆಳ್ಳಗೆ ಹಿಟ್ಟು ಉದುರಿಸಿದೆ. ಸಂಜೆ ಬಂದು ನೋಡಿದರೆ ಹೆಜ್ಜೆಗುರುತು ಇಲ್ಲ, ಹಿಟ್ಟೇ ಇಲ್ಲ. ಗುಡಿಸಿದ್ದಾರೆ! ಗುಡಿಸಿ ಪೊರಕೆಯನ್ನು ಮೊಳೆಗೆ ತೂಗುಹಾಕಿದ್ದಾರೆ. ಸಮಾಧಾನದಿಂದ ಯೋಚಿಸಿದೆ. ಜನೀಲ್ ಪೊರಕೆಯನ್ನು ಗುಡಿಸಿದ ಜಾಗದಲ್ಲೇ ಗೋಡೆಗೆ ಒರಗಿಸುವವಳು. ಅದನ್ನು ಮೊಳೆಗೆ ಹಾಕುವವರು ಈ ಮನೆಯಲ್ಲಿ ಇಬ್ಬರೇ. ಒಬ್ಬ ನಾನು. ನಾನು ಗಿರಣಿಯಲ್ಲಿದ್ದೆ.

"ಬ್ರೈಲಿ!"

ಅವಳು ಮುಚ್ಚಿಡಲು ಹೋಗಲಿಲ್ಲ. "ಇಷ್ಟು ದಿನ ಬೇಕಾಯ್ತಾ ಅಪ್ಪ? ವಿಜ್ಞಾನ ಓದಿದೋನು ನೀನು."

"ನಿನ್ನ ಸಾಮಾನನ್ನ ನೀನೇ ಯಾಕಮ್ಮ ಬಿಚ್ಚಿದೆ?"

"ಮೆಲೆನೈತೆಗೋಸ್ಕರ."

ಮೆಲೆನೈತೆ ಅವಳ ಕೋಣೆಯಲ್ಲಿ ಇರಬೇಕಾದ ಇನ್ನೊಬ್ಬ ಹುಡುಗಿ. ದೂರದ ಟೋಂಗಾ ದ್ವೀಪದವಳು. ವಿಶ್ವವಿದ್ಯಾಲಯದವರು ಕೋಣೆ ಹಂಚಿದ ಮೇಲೆ ಇಬ್ಬರೂ ಫೋನಿನಲ್ಲಿ ಮಾತಾಡಿಕೊಂಡಿದ್ದರಂತೆ.

"ವಿಮಾನದಲ್ಲಿ ಒಂದೇ ಸೂಟ್‌ಕೇಸು ತರ್ತಾಳಂತೆ ಅಪ್ಪ. ಹಾಸೋಕೆ ಹೊದೆಯೋಕೆ ಅಲ್ಲೇ ಕೊಡ್ತಾರಾ, ನಾವೇ ತರಬೇಕಾ ಅಂತ ಎಷ್ಟು ಸಂಕೋಚದಿಂದ ಕೇಳಿದಳು ಗೊತ್ತಾ? ನಂದೂ ಒಂದೇ ಸೂಟ್‌ಕೇಸು ಅಂದುಬಿಟ್ಟೆ. ಅವಳಿಗೆ ಎಷ್ಟು ಹಗುರ ಆಯ್ತು ಅಂತ ದನೀಲೇ ಗೊತ್ತಾಯ್ತು. ಈಗ ನಾನು ಪೀಪಾಯಿ ಉರುಳಿಸ್ಕೊಂಡು ಹೋದರೆ ಏನು ಅಂದ್ಕೋತಾಳೆ? ಇಡೀ ವರ್ಷ ಒಂದೇ ಕೋಣೇಲಿ ಇರಬೇಕು ನಾವು."

"ಒಂದೇ ಒಂದು ಬಕೆಟ್ಟು? ಮಂಚದ ಕೆಳಗೆ ಯಾರಿಗೆ ಕಾಣುತ್ತೆ?"

"ಅಪ್ಪ."

"ಸಣ್ಣದು."

"ಅಪ್ಪ! ಮಾತು ಕೊಡು. ಏನೂ ತರಬಾರದು. ಮನೇಲಿ ರಾಶಿ ಬಿದ್ದಿದೆ ಅಂತ ಅಲ್ಲಿ ಬಾಯಿ ಬಿಡಲೂಬಾರದು."

ಕೊಟ್ಟೆ. ಅವಳ ಯೋಚನೆಯಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ಅದೂ ಅಲ್ಲದೆ, ಒಂದು ಇಡೀ ವರ್ಷವನ್ನು ಒಬ್ಬ ಹುಡುಗಿ ಒಂದೇ ಸೂಟ್‌ಕೇಸಿನೊಳಗೆ ಹೇಗೆ ತುಂಬಿಕೊಂಡು ಬರುತ್ತಾಳೆಂದು ನೋಡುವ ಕುತೂಹಲವೂ ಹುಟ್ಟಿಬಿಟ್ಟಿತ್ತು.

ಹೊರಡುವ ಹಿಂದಿನ ದಿನ ಜನೀಲಳ ಸೊಂಟ ಹಿಡಿದುಕೊಂಡಿತು. ಪೀಪಾಯಿ ಸರಿಸಲು ಹೋಗಿದ್ದಳು. (ಯಾರ ಪೀಪಾಯಿ, ಅದನ್ನು ದಾರಿಯಲ್ಲಿ ಇಟ್ಟವರು ಯಾರು ಎಂಬ ಚರ್ಚೆ ನಮ್ಮ ಮನೆಯಲ್ಲಿ ಇನ್ನೂ ಮುಗಿದಿಲ್ಲ.) ಹಾಗಾಗಿ ಅಪ್ಪ ಮಗಳು ಇಬ್ಬರೇ ನಮ್ಮ ಪಿಕಪ್ ಗಾಡಿಯಲ್ಲಿ ಕಣಿವೆ ದಾಟಿದೆವು. ಹಿಂದಿನ ಅಷ್ಟಗಲ ಜಾಗದಲ್ಲಿ ಒಂದು ಸೂಟ್‌ಕೇಸು ತಿರುವು ಬಂದಾಗಲೆಲ್ಲ ಆಚೆಯಿಂದ ಈಚೆಗೆ ಜಾರುತ್ತಿತ್ತು.

ಹಾಸ್ಟೆಲಿನ ಮುಂದೆ ಅಪ್ಪಂದಿರ ಜಾತ್ರೆ. ಒಬ್ಬೊಬ್ಬರ ತೋಳಿನಲ್ಲೂ ಫ್ರಿಜ್ಜು, ಉದ್ದ ಕಾಲಿನ ದೀಪ, ಕುರ್ಚಿ. ಐಡಹೋ ಕಡೆಯವನೊಬ್ಬ ಮೆಟ್ಟಿಲ ಬಳಿ ನಮ್ಮನ್ನು ಕಂಡು ಫ್ರಿಜ್ಜನ್ನು ಕೆಳಗಿಟ್ಟ.

"ಇದು ಮೊದಲನೇ ಸುತ್ತಾ?"

"ಇಷ್ಟೇ," ಎಂದೆ.

ಅವನು ಸೂಟ್‌ಕೇಸನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ಹೆಗಲು ತಟ್ಟಿದ. "ದೇವರಿದ್ದಾನೆ ಬ್ರದರ್."

ಸಂಚಾಲಕನ ಹೆಗಲನ್ನು ಈ ತನಕ ಯಾರೂ ಹಾಗೆ ತಟ್ಟಿರಲಿಲ್ಲ. ನುಂಗಿಕೊಂಡೆ.

ಕೋಣೆಯಲ್ಲಿ ಎರಡು ಮಂಚ, ಎರಡು ಬರೀ ಹಾಸಿಗೆ. ಬ್ರೈಲಿ ಕಿಟಕಿಯ ಪಕ್ಕದ್ದನ್ನು ಬಿಟ್ಟು ಈಚೆಯದರ ಮೇಲೆ ಕೂತಳು. ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಎತ್ತರದ ಹುಡುಗಿಯೊಬ್ಬಳು ಕಾಣಿಸಿಕೊಂಡಳು. ಕೈಯಲ್ಲಿ ಒಂದೇ ಸೂಟ್‌ಕೇಸು. ಹೇಳಿದ ಮಾತಿನಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ವ್ಯತ್ಯಾಸ ಇದ್ದದ್ದು ಅವಳ ಹಿಂದೆ. ಅಲ್ಲಿ ಒಬ್ಬ ಹೆಂಗಸು ಹೊದಿಕೆಗಳ ಗೋಪುರ ಹೊತ್ತಿದ್ದಳು. ಅವಳ ಹಿಂದೆ ಒಬ್ಬ ಗಂಡಸು ಹೆಗಲ ಮೇಲೆ ಸುರುಳಿ ಚಾಪೆ, ಅವನ ಹಿಂದೆ ಫ್ರಿಜ್ಜು, ಅನ್ನದ ಕುಕ್ಕರು, ಐಸಿನ ಪೆಟ್ಟಿಗೆ, ಮತ್ತು ಇಬ್ಬರು ಹೊತ್ತ ತಟ್ಟೆಯಲ್ಲಿ ಅಲ್ಯೂಮಿನಿಯಂ ಹಾಳೆ ಹೊದ್ದು ಮಲಗಿದ, ಇಡಿಯಾಗಿ ಸುಟ್ಟ ಹಂದಿ. ಸಾಲು ಮೆಟ್ಟಿಲಿಳಿದು ಬೀದಿಯವರೆಗೂ ಇತ್ತು.

"ಒಂದೇ ಸೂಟ್‌ಕೇಸು ಅಂತ ಹೇಳಿದ್ದೆ," ಮೆಲೆನೈತೆ ನಾಚಿಕೆಯಿಂದ ಬ್ರೈಲಿಗೆ ಹೇಳಿದಳು. "ಇವರೆಲ್ಲ ಸಾಲ್ಟ್ ಲೇಕ್‌ನಲ್ಲಿರೋ ನಮ್ಮತ್ತೆ ಮನೆಯವರು. ಬೇಡ ಅಂದರೂ ಕೇಳಲಿಲ್ಲ. ನೀನು ಏನಂದ್ಕೋತೀಯೋ ಅಂತ…"

ಬ್ರೈಲಿಗೆ ನಗು ತಡೆಯಲಾಗಲಿಲ್ಲ. ಆ ಹುಡುಗಿಗೂ ಆಗಲಿಲ್ಲ. ಕಥೆ ಅಲ್ಲಿಗೇ ಮುಗಿಯಬೇಕಾಗಿತ್ತು. ಆದರೆ ಹೊದಿಕೆ ಹೊತ್ತಿದ್ದ ಆ ಹೆಂಗಸು, ಮೆಲೆನೈತೆಯ ಅತ್ತೆ ಲೂಪೆ, ಅಷ್ಟರಲ್ಲಿ ನಮ್ಮ ಅರ್ಧ ಕೋಣೆಯನ್ನು ನೋಡಿದ್ದರು.

"ನಿಮ್ಮ ಸಾಮಾನು ಎಲ್ಲಿ ಬ್ರದರ್?"

ಮಗಳು ನನ್ನತ್ತ ಒಂದು ನೋಟ ಬೀರಿದಳು. "ಇಷ್ಟೇ," ಎಂದೆ.

ಅತ್ತೆ ಲೂಪೆ ಗಂಡನ ಕಿವಿಯಲ್ಲಿ ತಮ್ಮ ಭಾಷೆಯಲ್ಲಿ ಏನೋ ಹೇಳಿದರು. ನನಗೆ ಆ ಭಾಷೆ ಬರುವುದಿಲ್ಲ, ಆದರೆ ಆ ದನಿ ಬರುತ್ತದೆ. ಯಾರ ಮನೆಯಲ್ಲಾದರೂ ಒಲೆ ಉರಿಯುತ್ತಿಲ್ಲ ಎಂದು ಗೊತ್ತಾದಾಗ ಜನೀಲ್ ಫೋನಿನಲ್ಲಿ ಬಳಸುವ ದನಿ ಅದು. ಮರುಕ್ಷಣ ಹೊದಿಕೆಗಳ ಗೋಪುರದ ಅರ್ಧ ಬ್ರೈಲಿಯ ಹಾಸಿಗೆಯ ಮೇಲಿತ್ತು.

ಅವರ ಗಂಡ ಸೆಮಿಸಿ ನನ್ನನ್ನು ಪಕ್ಕಕ್ಕೆ ಕರೆದುಕೊಂಡು ಹೋದರು. "ಏನು ಕೆಲಸ ಬ್ರದರ್ ನಿಮ್ಮದು?"

"ಕೋಳಿ ಮೇವಿನ ಗಿರಣೀಲಿ. ಮೇವು ಸರಿ ಇದೆಯಾ ಅಂತ ನೋಡೋದು."

"ಹೇಗೆ ನೋಡ್ತೀರಿ?"

ಸುಳ್ಳು ಹೇಳುವುದು ನನಗೆ ಬರುವುದಿಲ್ಲ. "ಯಂತ್ರ ಇದೆ. ಕೆಲವು ಸಲ ಬಾಯಿಗೆ ಹಾಕಿಕೊಂಡು ನೋಡ್ತೀನಿ."

ಅವರು ತಿರುಗಿ ಹೆಂಡತಿಗೆ ಸನ್ನೆ ಮಾಡಿದರು. ಅತ್ತೆ ಲೂಪೆ ಹತ್ತಿರ ಬಂದರು. "ಮನೇಲಿ ಏನು ಊಟ ಮಾಡ್ತೀರಪ್ಪ?"

"ಈ ತಿಂಗಳು ಗೋಧಿ."

"ಬರೀ ಗೋಧಿನಾ?"

"ಭಾನುವಾರ ಬೀನ್ಸ್ ಕಾಳೂ ಇರುತ್ತೆ. ಗೋಧಿ ಚೆನ್ನಾಗೇ ಇದೆ, 2009ರದು."

ಅತ್ತೆ ಲೂಪೆಯ ಕಣ್ಣಲ್ಲಿ ನೀರು ತುಂಬಿತು. ಬಾಯಿ ಬಿಟ್ಟು ಎಲ್ಲ ವಿವರಿಸಿಬಿಡಬೇಕು ಎನ್ನಿಸಿತು. ಆದರೆ ಕಿಟಕಿಯ ಬಳಿ ಇಬ್ಬರು ಹುಡುಗಿಯರು ಒಂದೇ ಚಾಪೆಯ ಎರಡು ಕೊನೆ ಹಿಡಿದು ಹಾಸುತ್ತ, ಬಾಲ್ಯದ ಗೆಳತಿಯರಂತೆ ಹರಟುತ್ತಿದ್ದರು. ಮನೆಯ ರಾಶಿಯ ಸುದ್ದಿ ಹೊರಬಿದ್ದರೆ ನಮ್ಮ ಒಂದು ಸೂಟ್‌ಕೇಸು ಬೇಕೆಂದೇ ಆಡಿದ ನಾಟಕವೆಂದು ಮೆಲೆನೈತೆಗೆ ಗೊತ್ತಾಗುತ್ತದೆ. ತನ್ನನ್ನು ಪಾಪ ಎಂದುಕೊಂಡಿದ್ದರೆಂದು ಗೊತ್ತಾಗುತ್ತದೆ. ಪಾಪ ಎನ್ನಿಸಿಕೊಳ್ಳುವುದು ಹೇಗಿರುತ್ತದೆಂದು ನನಗೆ ಆಗಷ್ಟೇ ಅರ್ಥವಾಗುತ್ತಿತ್ತು. ಬಾಯಿ ಮುಚ್ಚಿದೆ.

ವಾಪಸು ಬರುವಾಗ ಪಿಕಪ್ಪಿನಲ್ಲಿ ಜಾಗವಿರಲಿಲ್ಲ. ಅಕ್ಕಿ ಮೂಟೆ, ಕೆಸುವಿನ ಗೆಡ್ಡೆ, ತೆಂಗಿನ ಹಾಲಿನ ಡಬ್ಬಿಗಳು, ಎರಡು ಹೊದಿಕೆ, ಮತ್ತು ಹಂದಿಯ ಹಿಂಭಾಗ. "ಸಂಕೋಚ ಮಾಡ್ಕೋಬೇಡಿ ಬ್ರದರ್, ಎಲ್ಲರಿಗೂ ಬರುತ್ತೆ ಇಂಥ ಕಾಲ," ಎಂದು ಸೆಮಿಸಿ ತಾವೇ ಹಗ್ಗ ಬಿಗಿದರು.

ಭಾನುವಾರ ಬೆಳಿಗ್ಗೆ ಬ್ರೈಲಿ ಫೋನು ಮಾಡಿದಳು. "ಅಪ್ಪ, ಇಬ್ಬರೂ ಮಂಚ ಒಟ್ಟಿಗೆ ಜೋಡಿಸ್ಕೊಂಡಿದ್ದೀವಿ. ನೀನು ಏನೂ ಹೇಳಲಿಲ್ಲ ತಾನೇ?"

"ಇಲ್ಲ."

"ಥ್ಯಾಂಕ್ಸ್ ಅಪ್ಪ." ದನಿ ಹಗುರವಾಗಿತ್ತು. ಆ ಒಂದು ಮಾತಿಗೆ ಹಂದಿಯ ಮುಂಭಾಗವನ್ನೂ ಹೊತ್ತು ತರಬಹುದಾಗಿತ್ತು.

ಮಧ್ಯಾಹ್ನ ಬಿಷಪ್ ಸೋರೆನ್ಸನ್ ಮನೆಗೆ ಬಂದರು. ಟೋಪಿಯನ್ನು ಮಡಿಲಲ್ಲಿ ತಿರುಗಿಸುತ್ತ ಕೂತರು. "ಸಾಲ್ಟ್ ಲೇಕ್‌ನಿಂದ ಸೆಮಿಸಿ ಅನ್ನೋರು ನಮ್ಮ ಚರ್ಚಿನ ನಂಬರು ಹುಡುಕಿ ಫೋನು ಮಾಡಿದ್ದರು. ಎಲ್ಲ ಹೇಳಿದರು. ಲಮಾರ್, ನಮಗೊಂದು ಮಾತು ತಿಳಿಸಬಾರದಿತ್ತಾ? ಕೋಳಿ ಮೇವು ತಿನ್ನೋ ಸ್ಥಿತಿ ಬಂತಾ?"

"ಬಿಷಪ್, ನೀವು ಬನ್ನಿ, ನೆಲಮಾಳಿಗೆ ತೋರಿಸ್ತೀನಿ, ಅಲ್ಲಿ…"

"ಬೇಡಪ್ಪ. ಎಲ್ಲರೂ ಮೊದಲು ಹಾಗೇ ಅನ್ನೋದು. ನಿನ್ನ ಮರ್ಯಾದೆ ನಂಗೆ ಗೊತ್ತು. ಈ ಸಂಚಾಲಕತನದ ಭಾರ ಸದ್ಯಕ್ಕೆ ಬ್ರದರ್ ಟೋಲ್ಮನ್ ಹೊರಲಿ. ನಮ್ಮ ಹೆಂಗಸರು ಎರಡು ವಾರ ಸರದಿ ಮೇಲೆ ಊಟ ಕಳಿಸ್ತಾರೆ."

ಟೋಲ್ಮನ್! ಮನೆಯಲ್ಲಿ ಒಂದು ಮೇಣದಬತ್ತಿಯೂ ಇಲ್ಲದವನು! ನಾನು ದಿಕ್ಕು ತೋಚದೆ ಹೆಂಡತಿಯತ್ತ ತಿರುಗಿದೆ. ಅವಳಿಗೆ ನಾನು ಎಲ್ಲವನ್ನೂ ವಿವರವಾಗಿ ಹೇಳಿದ್ದೆ. "ನೀನಾದರೂ ಹೇಳು ಜನೀಲ್."

ಜನೀಲ್ ಸೊಂಟ ಹಿಡಿದುಕೊಂಡು ನಿಧಾನವಾಗಿ ನೆಟ್ಟಗಾದಳು. ಎರಡು ವಾರ ಒಲೆ ಹಚ್ಚಬೇಕಿಲ್ಲ ಎಂಬ ಮಾತು ಅವಳ ಮುಖದ ಮೇಲೆ ಸಂಚರಿಸುತ್ತಿರುವುದು ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು.

"ನಿಜ ಬಿಷಪ್," ಎಂದಳು ಮೆಲ್ಲಗೆ. "ಇಡೀ ತಿಂಗಳು ಬರೀ ಗೋಧಿ."

ಈಗ ವಾರ ಕಳೆಯುತ್ತ ಬಂತು. ನಿನ್ನೆ ಆಲೂಗಡ್ಡೆ ಚೀಸಿನ ಬೋಗುಣಿ ಬಂದಿತ್ತು, ಇವತ್ತು ಮಾಂಸದ ಸಾರು. ಬಾಗಿಲಲ್ಲಿ ತಟ್ಟೆ ಇಸಿದುಕೊಳ್ಳುವ ಕೆಲಸ ನನ್ನದು. ಸೊಂಟ ಹಿಡಿದವಳು ಎದ್ದು ಓಡಾಡಬಾರದಲ್ಲ. ಅಡುಗೆಮನೆಯಿಂದ ಅವಳು ಆಗಾಗ ಸಲಹೆ ಕೊಡುತ್ತಿರುತ್ತಾಳೆ.

"ಲಮಾರ್, ನಾಳೆ ಸಿಸ್ಟರ್ ಆಗಾರ್ಡ್ ಪೀಚ್ ಹಣ್ಣಿನ ಕಡುಬು ತರೋ ಸರದಿ. ಶೇವ್ ಮಾಡ್ಕೋಬೇಡ."