ಅಂಗಳದ ತೊಗರಿ ಮರವಾಗಲಿಲ್ಲ

ತರಗತಿಯಲ್ಲಿ ಹೇಳಿದ ಪಾಠವನ್ನು ಮನೆಯಲ್ಲಿ ಸಾಬೀತು ಮಾಡಲು ಹೊರಡುವ ವಿಜ್ಞಾನದ ಮೇಷ್ಟ್ರಿಗೆ ಹೆಂಡತಿ ಇರಬಾರದು. ಇದ್ದರೂ ಆಕೆ ಒಕ್ಕಲುತನದ ಮನೆಯವಳಾಗಿರಬಾರದು. ನನ್ನಾಕೆ ಶರಣಮ್ಮ ಹತ್ತಿಕುಣಿಯವಳು, ತೊಗರಿ ಹೊಲದಲ್ಲೇ ನಡೆಯಲು ಕಲಿತವಳು. ನಾನು ಶಹಾಪುರದ ಒಂದೇ ಶಾಲೆಯಲ್ಲಿ ಮೂವತ್ತು ವರ್ಷದಿಂದ ಪೊದೆ, ಬಳ್ಳಿ, ಮರ ಎಂದು ಹಲಗೆಯ ಮೇಲೆ ಬರೆದು ಅಳಿಸುತ್ತಿರುವವನು. ಎರಡು ಸಲ ಬೇರೆ ಊರಿಗೆ ಹೆಡ್ ಮಾಸ್ತರಿಕೆ ಬಂದಿತ್ತು. "ಪರಸ್ಥಳ ಬ್ಯಾಡ್ರಿ" ಎಂದು ಶರಣಮ್ಮ ಅಂದಳು. ಎರಡು ಸಲವೂ ಒಲ್ಲೆನೆಂದು ಬರೆದುಕೊಟ್ಟೆ. ಅದು ಬೇರೆ ಮಾತು.

ಕಳೆದ ವರ್ಷ ಒಂಬತ್ತನೆಯ ತರಗತಿಯ ಸಾಬಮ್ಮ ಎದ್ದು ನಿಂತು, "ಸರ್, ಮರ ಆಗ್ಬೇಕೋ ಪೊದಿ ಆಗ್ಬೇಕೋ ಅಂತ ಗಿಡಕ್ಕ ಯಾರು ಹೇಳ್ತಾರ್ರಿ?" ಎಂದು ಕೇಳಿದಳು. ನಾನು ಉಬ್ಬಿಹೋದೆ. ಗಾಳಿ, ಬರ, ಮೇಯುವ ಪ್ರಾಣಿ ಎಲ್ಲ ಸೇರಿ ಲಕ್ಷಾಂತರ ವರ್ಷಗಳಲ್ಲಿ ತೀರ್ಮಾನಿಸುತ್ತವೆ, ಮೇಯುವ ಪ್ರಾಣಿಗಳೇ ಇಲ್ಲದ ಕೆಲವು ದ್ವೀಪಗಳಲ್ಲಿ ಸಣ್ಣ ಸಸ್ಯಗಳ ವಂಶವೇ ಮರವಾಗಿ ನಿಂತಿದೆ ಎಂದೆ. ಅಲ್ಲಿಗೆ ಬಿಡಬೇಕಿತ್ತು. ತೊಗರಿಯನ್ನೂ ಕೊಯ್ಯದೆ ಬಿಟ್ಟರೆ ಕಾಂಡ ಗಟ್ಟಿಯಾಗಿ ಮರದಂತೆ ನಿಲ್ಲುತ್ತದೆ, ನಮ್ಮ ಅಂಗಳದಲ್ಲೇ ತೋರಿಸುತ್ತೇನೆ ಎಂದುಬಿಟ್ಟೆ. ಲಕ್ಷಾಂತರ ವರ್ಷ ನನ್ನ ಬಳಿ ಇರಲಿಲ್ಲ, ನಿವೃತ್ತಿಗೆ ಎರಡೇ ವರ್ಷ. ಹೋಗುವ ಮುಂಚೆ ಹಲಗೆಯ ಮೇಲಿನ ಒಂದು ಮಾತಾದರೂ ಮಕ್ಕಳ ಕಣ್ಣಿಗೆ ಕಾಣಲಿ ಎಂಬ ಆಸೆ.

ಮಳೆಗಾಲದಲ್ಲಿ ಬೀಜ ಊರಿದೆ. ಗಿಡದ ಎತ್ತರಕ್ಕೆ ಸರಿಯಾಗಿ ಗೋಡೆಗೆ ದಿನಾ ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದೆ. ಮೊಣಕಾಲು ದಾಟಿದ ಮೇಲೆ ಗೆರೆ ಏರಲೇ ಇಲ್ಲ. ನೋಡಿದರೆ ತುದಿಯೇ ಇಲ್ಲ! ಆಡಿನ ಕೆಲಸವೆಂದು ಗೇಟಿಗೆ ತಂತಿ ಕಟ್ಟಿದೆ. ಮತ್ತೆ ಚಿಗುರಿದ ತುದಿಗಳೂ ಮಾಯ. ಓಣಿಯ ಆಡುಗಳನ್ನೆಲ್ಲ ಬೈದೆ, ಅವುಗಳ ಯಜಮಾನರನ್ನೂ ಬೈದೆ. ಕೊನೆಗೊಂದು ಬೆಳಿಗ್ಗೆ, ಬಟ್ಟೆ ಒಣಹಾಕಲು ಹೊರಟ ಶರಣಮ್ಮ ಹೋಗ್ತಾ ಹೋಗ್ತಾ ಚಟ್ ಚಟ್ ಎಂದು ಕುಡಿ ಚಿವುಟುವುದು ಕಂಡಿತು.

"ಏ, ಏನ್ ಮಾಡಾಕತ್ತಿ?"

"ತೊಗರಿ ಕುಡಿ ಚೂಟ್ಲಿಲ್ಲಂದ್ರ ಟೊಂಗಿ ಹ್ಯಾಂಗ ಒಡೀತಾವ್ರಿ?"

"ಅದು ಮರ ಆಗ್ಬೇಕು!"

"ಆಗಿ ಏನ್ ಮಾಡ್ತದ? ನಮಗ ಬೇಕಾಗಿದ್ದು ಬ್ಯಾಳಿ."

ದ್ವೀಪಗಳ ವಿಷಯ ಹೇಳಿದೆ. ಆಕೆ ಬಟ್ಟೆಯ ಬಕೆಟ್ಟು ಎತ್ತಿಕೊಂಡು ಹಗ್ಗದ ಕಡೆ ಹೋದಳು.

ಚಳಿಗಾಲಕ್ಕೆ ಮಕ್ಕಳು ಮರ ನೋಡಲು ಬಂದರು. ಗಿಡ ನನ್ನ ಎದೆಗೂ ಬಂದಿರಲಿಲ್ಲ. ಅಗಲ ಮಾತ್ರ ಅರ್ಧ ಅಂಗಳ, ಮೈತುಂಬ ಕಾಯಿ. ಸಾಬಮ್ಮ ಬಗ್ಗಿ ಟೊಂಗೆ ಟೊಂಗೆಯನ್ನೂ ಪರೀಕ್ಷಿಸಿ, ನಾನೇ ಕಲಿಸಿದ ಗಾಂಭೀರ್ಯದಿಂದ ಕೇಳಿದಳು: "ಸರ್, ಇದನ್ನ ಯಾವುದೋ ಪ್ರಾಣಿ ಮೇಯ್ದಾದ್ರಿ. ಯಾವುದ್ರಿ?"

ಶರಣಮ್ಮ ಚಹಾದ ತಟ್ಟೆ ಹಿಡಿದು ನನ್ನ ಹಿಂದೆಯೇ ನಿಂತಿದ್ದಳು.

"ಗಾಳಿ," ಎಂದೆ.

"ಮಕ್ಕಳಿಗೆ ಸುಳ್ಳ್ ಹೇಳಬ್ಯಾಡ್ರಿ. ನಾನೇ ಚೂಟೀನವ್ವ," ಎಂದಳು ಶರಣಮ್ಮ. "ಮ್ಯಾಲ ಹೋಗಗೊಡ್ಲಿಲ್ಲಂದ್ರ ಅಗಲ ಆಗ್ತದ."

ಸಾಬಮ್ಮ ಅದನ್ನು ಹಾಗೇ ಬರೆದುಕೊಂಡಳು. ಬರೆಯುತ್ತ ಒಮ್ಮೆ ಗಿಡವನ್ನು ನೋಡಿದಳು, ಒಮ್ಮೆ ನನ್ನನ್ನು ನೋಡಿದಳು. ಮೂವತ್ತು ವರ್ಷದಿಂದ ಅದೇ ಶಾಲೆಯಲ್ಲಿ ಅದೇ ಹುದ್ದೆಯಲ್ಲಿರುವ ನಾನು ಹೊಟ್ಟೆಯನ್ನು ಒಳಗೆಳೆದುಕೊಂಡು ಚಹಾ ಕುಡಿದೆ.