ನಾಲ್ಕು ಮೂಲೆಯ ಕಾರ್ಡು

ಕಾರ್ಡಿನ ಎಡಗಡೆಯ ಮೇಲಿನ ಮೂಲೆಯಲ್ಲಿ ಹುಣಸೆ ಬೀಜದಷ್ಟು ಶಾಯಿ ಬಿದ್ದಿತ್ತು.

ನನಗೆ ಯಾವುದಾದರೂ ಓರೆಕೋರೆಯಾಗಿದ್ದರೆ ಆಗದು. ಬೇರೆ ಕಾರ್ಡೂ ಇರಲಿಲ್ಲ. ಆದ್ದರಿಂದ ಉಳಿದ ಮೂರು ಮೂಲೆಗಳಿಗೂ ಅಷ್ಟಷ್ಟೇ ಶಾಯಿ ಹಚ್ಚಿ ಸಮ ಮಾಡಿದೆ. ಬಹಳ ಅಂದವಾಗಿ ಕಂಡಿತು.

ಯುದ್ಧದ ಕಾಲ. ಅಣ್ಣ ಜಡಿಗೇನಹಳ್ಳಿಯಲ್ಲಿ ಮೇಷ್ಟ್ರು, ನಾನು ಬಿ.ಎ. ಮುಗಿಸಿ ಅವನ ಮನೆಗೆ ಬಂದಿದ್ದೆ. ಸಂಬಳವಿಲ್ಲದೆ ಜನರ ಕೆಲಸ ಮಾಡಿಕೊಟ್ಟರೆ ಮಾಡಿದವರಿಗೇ ಲಾಭ, ಸಂಕೋಚ ಬಿಡುತ್ತದೆ, ನಾಲ್ಕು ಜನರ ಪರಿಚಯವಾಗುತ್ತದೆ ಎಂದು ಕಾಲೇಜಿನಲ್ಲಿ ಉಪಾಧ್ಯಾಯಿನಿಯೊಬ್ಬರು ಹೇಳುತ್ತಿದ್ದರು. ಆರಂಭಿಸುವುದೂ ಸುಲಭವಂತೆ: ಗೊತ್ತಿರುವ ಒಂದು ಕೆಲಸ, ಕೂರಲು ಒಂದು ಜಗಲಿ. ನನಗೆ ಬರವಣಿಗೆ ಗೊತ್ತಿತ್ತು. ಅಣ್ಣನ ಮನೆಗೆ ಜಗಲಿ ಇತ್ತು. ದಂಡಿಗೆ ಸೇರಿದವರ ಹೆಂಡಿರಿಗೆ ಕಾಗದ ಬರೆದುಕೊಡುತ್ತೇನೆಂದು ಅತ್ತಿಗೆಯಿಂದ ಹೇಳಿಸಿದೆ. ನಾನೇ ಹೇಳಲು ಸಂಕೋಚ.

ಮೊದಲು ಬಂದವಳು ಮುನಿಯಮ್ಮ. ಗಂಡ ದಂಡಿಗೆ ಹೋದ ಮೇಲೆ ಹುಟ್ಟಿದ ಮಗುವಿಗೆ ವರ್ಷ ತುಂಬಿತ್ತು; ಅವನು ಮುಖ ನೋಡಿರಲಿಲ್ಲ. ಬೇರೆಯವರ ಕೈಲಿ ಮೂರು ಕಾಗದ ಬರೆಸಿದರೂ ರಜ ಇಲ್ಲವೆಂದೇ ಉತ್ತರ. ಎಮ್ಮೆ ಕರು ಹಾಕಿದ್ದು, ಅತ್ತೆಯ ಮಂಡಿನೋವು, ಅವನ ಮೇಲಿನ ಸಿಟ್ಟು, ಎಲ್ಲ ಹೇಳಿ ಅವಳು ಹೊಲಕ್ಕೆ ಹೋದಳು. ನಾನು ಅನವಶ್ಯಕವಾದುದನ್ನು ತೆಗೆದುಹಾಕಿ ಶುದ್ಧವಾಗಿ ಎರಡೇ ವಾಕ್ಯ ಬರೆದೆ. "ತಮ್ಮ ಮಗು ತಮ್ಮನ್ನೇ ಎದುರು ನೋಡುತ್ತಿದೆ. ಕೂಡಲೇ ಬರತಕ್ಕದ್ದು." ಶಾಯಿ ಬಿದ್ದದ್ದು ಆಗಲೇ.

ಅಂಚೆಯವನು ಕಾರ್ಡನ್ನು ಎರಡು ಬೆರಳಲ್ಲಿ ಹಿಡಿದು, "ಏನ್ಮಾಡೋಕಾಯ್ತದೆ ಅಮ್ಮಾವ್ರೆ, ಎಲ್ರೂ ಒಂದಿನ ಹೋಗೋರೇ" ಎಂದ. ಅಂಚೆ ಇಲಾಖೆಯಲ್ಲಿ ಇಷ್ಟು ವೇದಾಂತವಿದೆಯೆಂದು ನನಗೆ ತಿಳಿದಿರಲಿಲ್ಲ.

ಮೂರು ವಾರದ ಮೇಲೆ ಮುನಿಯಮ್ಮನ ಗಂಡ ಬಸ್ಸಿನಿಂದ ಇಳಿದ. ತಲೆ ನುಣ್ಣಗೆ ಬೋಳು. ಮೀಸೆಯೂ ಇಲ್ಲ. ಮುನಿಯಮ್ಮ ನಮ್ಮ ಮನೆಯ ಎದುರಿನ ಬಾವಿಯಲ್ಲಿ ನೀರು ಸೇದುತ್ತಿದ್ದಳು. ಹಗ್ಗ ಕೈಬಿಟ್ಟಳು.

"ಯಾರ್ ಸತ್ರು?"

"ನೀನು" ಎಂದ ಅವನು, ಬಾವಿಯ ಕಟ್ಟೆಯ ಮೇಲೆ ಕುಳಿತು.

ಸಾಹೇಬರಿಗೆ ತೋರಿಸಿ ರಜ ಪಡೆದಿದ್ದ ಕಾರ್ಡನ್ನು ಅವನು ಜೇಬಿನಿಂದ ತೆಗೆದ. ಹೊರಗೆ ಬಂದಿದ್ದ ಅಣ್ಣ ಅದನ್ನು ನೋಡಿ ನನ್ನ ಕಡೆ ತಿರುಗಿದ. ಮೂಲೆಗೆ ಕಪ್ಪು ಹಚ್ಚುವುದು ಸಾವಿನ ಕಾಗದಕ್ಕೆ ಎಂದು ಊರಿನ ಎಮ್ಮೆಗಳಿಗೂ ಗೊತ್ತಂತೆ. ನಮ್ಮ ಮನೆಗೆ ಅಂಥವು ಬಂದರೆ ಅಪ್ಪ ಬೀದಿಯಲ್ಲೇ ಓದಿ ಹರಿದುಹಾಕುತ್ತಿದ್ದರು. ಹೆಣ್ಣುಮಕ್ಕಳಾದ ನಾವು ಒಂದನ್ನೂ ಕಂಡವರಲ್ಲ. ಸಾಲದ್ದಕ್ಕೆ ಕಾಗದದಲ್ಲಿ ಒಂದು ಬೈಗುಳವೂ ಇರಲಿಲ್ಲ. ಹೆಂಡತಿ ಇಲ್ಲವೆಂಬುದಕ್ಕೆ ಅವನಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಮುನಿಯಮ್ಮ ಮಗುವನ್ನು ತಂದು ಅವನ ತೊಡೆಯ ಮೇಲೆ ಕೂರಿಸಿದಳು. ಅದು ಬೋಳು ತಲೆ ನೋಡಿ ಕಿರುಚಿತು. ಸ್ವಲ್ಪ ಹೊತ್ತಿಗೆ ಅದನ್ನೇ ತಬಲದಂತೆ ಬಡಿಯತೊಡಗಿತು. ಅವನು ಅಳುತ್ತಲೇ ತಲೆ ಬಗ್ಗಿಸಿ ಕೊಟ್ಟ.

ಸಂಜೆ ತಪ್ಪೊಪ್ಪಿಕೊಳ್ಳಲು ಹೋದೆ. ನಾನು ಪೀಠಿಕೆ ಶುರುಮಾಡುವಷ್ಟರಲ್ಲಿ ಮುನಿಯಮ್ಮನೇ ಹೇಳಿದಳು: "ಬುಡಿ ಅಮ್ಮಾವ್ರೆ. ಮೂರ್ ಕಾಗ್ದ ಬರ್ಸ್ದೆ, ಬಂದ್ನಾ? ನೀವು ಬರುದ್ರಿ, ಬಂದ." ಮಡಿಲಿಗೆ ಅವರೆಕಾಯಿ ಸುರಿದಳು. ಅವನ ಸಾಹೇಬರಿಗೆ ವಿವರಣೆ ಬರೆಯಲು ನಾನು ಮುಂದಾದಾಗ ಮಾತ್ರ ಗಂಡಹೆಂಡಿರಿಬ್ಬರೂ ಒಟ್ಟಿಗೇ ಬೇಡವೆಂದರು. ಅದನ್ನು ಅಣ್ಣ ಬರೆದ.

ಉಪಾಧ್ಯಾಯಿನಿ ಹೇಳಿದ್ದು ಸುಳ್ಳಲ್ಲ. ನಾಲ್ಕು ಜನರ ಪರಿಚಯವೇನು, ಇಡೀ ಊರಿಗೆ ನಾನು ಕರಿಕಾರ್ಡಮ್ಮನಾಗಿದ್ದೆ. ಮನೆಗೆ ಬಂದರೆ ಜಗಲಿಯಲ್ಲಿ ಐವರು ಹೆಂಗಸರು ಕಾಯುತ್ತಿದ್ದರು. ಎಲ್ಲರ ಗಂಡಂದಿರೂ ದಂಡಿನಲ್ಲಿ. ಒಬ್ಬಳು ಹತ್ತಿರ ಸರಿದು ಮೆಲ್ಲಗೆ, "ನಮ್ಮೋರ್ಗೂ ಹಂಗೇ ನಾಕ್ ಮೂಲೆ ಹಾಕ್ಕೊಡಿ" ಎಂದಳು.

ಮಾರನೆಯ ಬೆಳಗ್ಗೆ ಶಾಯಿ ಬುಡ್ಡಿಯನ್ನು ಅಟ್ಟಕ್ಕೆ ಹಾಕಿ, ಪೆನ್ಸಿಲ್ ಚೂಪು ಮಾಡಿಕೊಂಡೆ. ಯಾರಿಗೂ ಸಾವಿನ ಸಂಶಯ ಬರಬಾರದೆಂದು ಐದು ಕಾರ್ಡುಗಳ ಇಪ್ಪತ್ತು ಮೂಲೆಗಳಿಗೂ ಅಳೆದು ಅರಿಶಿನ ಹಚ್ಚಿ ಬಿಸಿಲಿಗಿಟ್ಟೆ. ಅತ್ತಿಗೆ ಬಾಗಿಲಿಗೆ ಬಂದು ನೋಡಿದರು.

"ಯಾರ ಮದುವೇನೇ? ನಿಂದಾ?"

ಕಾರ್ಡುಗಳನ್ನು ಹಿತ್ತಲಿಗೆ ಕೊಂಡೊಯ್ದು, ಒದ್ದೆ ಬಟ್ಟೆಯಲ್ಲಿ ಒಂದೊಂದೇ ಮೂಲೆ ಒರೆಸುತ್ತ ಕುಳಿತೆ. ಅರಿಶಿನ ಹೋಗಲಿಲ್ಲ.